ಅರ್ಧಕ್ಕೇ ಮನೆ ಬಿಟ್ಟು ಹೋದವರ ಇತಿಹಾಸ

ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡಿಕೊಂಡು ಐದನೇ ತಿಂಗಳಿಗೇ ಮನೆ ಖಾಲಿ ಮಾಡಿದರೆ, ಉಳಿದ ಆರು ತಿಂಗಳ ಬಾಡಿಗೆ ಯಾರ ತಲೆಗೆ?

ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರೋ ನಮ್ಮಂಥವರಿಗೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತೆ. ಕೆಲಸ ಬದಲಾಗುತ್ತೆ, ಆನ್‌ಸೈಟ್ ಸಿಗುತ್ತೆ, ಮದುವೆ ಆಗುತ್ತೆ, ಊರಲ್ಲಿ ಅಪ್ಪನಿಗೆ ಹುಷಾರಿರಲ್ಲ. ಓನರ್ ಅಡ್ವಾನ್ಸ್ ಹಿಡಿದುಕೊಂಡರು ಅಂತ ನಾವು ಗೊಣಗ್ತೀವಿ. ಹೇಳದೆ ಕೇಳದೆ ಬಿಟ್ಟು ಹೋದ ಅಂತ ಓನರ್ ಗೊಣಗ್ತಾರೆ. ಎರಡೂ ಕಡೆಯವರಿಗೂ ನ್ಯಾಯ ತಮ್ಮ ಕಡೆಗೇ ಇದೆ ಅನ್ನೋ ಖಾತ್ರಿ. ನಾನು ಓದಿದ್ದು ಇಂಜಿನಿಯರಿಂಗ್, ಕಾನೂನಲ್ಲ. ಆದರೂ ಈ ಜಗಳಕ್ಕೆ ಎಷ್ಟು ವಯಸ್ಸಾಗಿರಬಹುದು ಅಂತ ಹುಡುಕಿಕೊಂಡು ಹೋದೆ. ಮೊದಲ ಉತ್ತರ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ ಬೆಳಕು ಕಂಡ ಒಂದು ಪುಸ್ತಕದಲ್ಲಿ. ಬರಹ ಸ್ವಲ್ಪ ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳ್ಳಿ :)

* * *

1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ರುದ್ರಪಟ್ಣದ ಶಾಮಶಾಸ್ತ್ರಿಗಳ ಕೈಗೆ ತಾಳೆಗರಿಯ ಒಂದು ಕಟ್ಟು ಸಿಕ್ಕಿತು. ಗ್ರಂಥ ಲಿಪಿಯಲ್ಲಿದ್ದ ಸಂಸ್ಕೃತ. ಎಲ್ಲರೂ ಹೆಸರು ಮಾತ್ರ ಕೇಳಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದು. 1909ರಲ್ಲಿ ಅವರು ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಅರ್ಥಶಾಸ್ತ್ರ ಅಂದರೆ ನಮಗೆಲ್ಲ ನೆನಪಾಗೋದು ಗೂಢಚಾರರು, ವಿಷಕನ್ಯೆಯರು, ಶತ್ರು ರಾಜರು. ಆದರೆ ಅದರ ಮೂರನೇ ಅಧಿಕರಣದಲ್ಲಿ ಮನೆ, ಗೋಡೆ, ಬಚ್ಚಲ ನೀರು, ಪಕ್ಕದ ಮನೆಗೆ ಎದುರಾಗೋ ಕಿಟಕಿ ಇಂಥ ಜಗಳಗಳ ಬಗ್ಗೆಯೇ ಪ್ರಕರಣವಿದೆ. ಬಾಡಿಗೆಯ ಮಾತೂ ಅಲ್ಲೇ ಬರುತ್ತೆ. ಅದಕ್ಕೆ ಅಲ್ಲಿನ ಪದ 'ಅವಕ್ರಯ'.

ಕೌಟಿಲ್ಯ ಹೇಳೋದು ಹೀಗೆ. ಬಿಡು ಅಂದ ಮೇಲೂ ಮನೆಯಲ್ಲೇ ಕೂತವನಿಗೆ 12 ಪಣ ದಂಡ. ಬಾಡಿಗೆ ಕಟ್ಟುತ್ತಿರುವವನನ್ನು ಹೊರಗೆ ಹಾಕಿದ ಮಾಲೀಕನಿಗೂ ಅಷ್ಟೇ ದಂಡ. ಬೈದಾಟ-ಹೊಡೆದಾಟ, ಕಳ್ಳತನ, ದರೋಡೆ ಇಂಥದ್ದೇನಾದರೂ ಬಾಡಿಗೆದಾರ ಮಾಡಿದ್ದರೆ ಮಾತ್ರ ಮಾಲೀಕನಿಗೆ ವಿನಾಯಿತಿ. ಇನ್ನು ಬಾಡಿಗೆದಾರ ತಾನಾಗೇ ಎದ್ದು ಹೊರಟರೆ, ಆ ವರ್ಷದ ಉಳಿದ ಬಾಡಿಗೆಯನ್ನು ಕೊಟ್ಟು ಹೋಗಬೇಕು.

ಅಂದರೆ ನಮ್ಮ ಪ್ರಶ್ನೆಗೆ ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ನೇರವಾದ ಉತ್ತರ ಇತ್ತು: ಬಿಟ್ಟು ಹೋದವನ ತಲೆಗೆ.

ಈ ನಿಯಮ ಮಾಲೀಕರ ಪಕ್ಷಪಾತಿ ಅಂತ ಮೊದಲ ನೋಟಕ್ಕೆ ಅನಿಸಿತು. ಮತ್ತೊಮ್ಮೆ ಓದಿದಾಗ ಹಾಗನ್ನಿಸಲಿಲ್ಲ. ಬಾಡಿಗೆಯ ಲೆಕ್ಕ ವರ್ಷಕ್ಕೆ. ಆ ವರ್ಷದ ಮಟ್ಟಿಗೆ ಇಬ್ಬರ ಕೈಯನ್ನೂ ಕಟ್ಟಿ ಹಾಕಿದ್ದಾರೆ. ಮಾಲೀಕ ಹೊರಗೆ ಹಾಕೋ ಹಾಗಿಲ್ಲ, ಬಾಡಿಗೆದಾರ ಪುಕ್ಕಟೆ ಹೊರಡೋ ಹಾಗಿಲ್ಲ. ನಾರದಸ್ಮೃತಿಯಲ್ಲೂ ಹೊರಡುವವನ ಬಗ್ಗೆ ಒಂದು ಮಾತಿದೆ. ಬೇರೆಯವರ ಜಾಗಕ್ಕೆ ಬಾಡಿಗೆ ಕೊಟ್ಟು ತಾನೇ ಮನೆ ಕಟ್ಟಿಕೊಂಡವನು ಹೊರಡುವಾಗ ತನ್ನ ಹುಲ್ಲು, ಮರ, ಇಟ್ಟಿಗೆಯನ್ನು ತೆಗೆದುಕೊಂಡು ಹೋಗಬಹುದು. ನಾವು ಹಾಕಿಸಿದ ಗೀಸರ್, ಫ್ಯಾನು ಬಿಚ್ಚಿಕೊಂಡು ಹೋಗ್ತೀವಲ್ಲ, ಅದರ ಮುತ್ತಜ್ಜ :)

ಆದರೆ ಕೌಟಿಲ್ಯನ ಆ ಮಾತಿನಲ್ಲಿ ಒಂದು ವಿಷಯ ಇಲ್ಲ. ಇವನು ಬಿಟ್ಟು ಹೋದ ಮೇಲೆ ಮಾಲೀಕ ಆ ಮನೆಗೆ ಇನ್ನೊಬ್ಬನನ್ನು ಹುಡುಕಬೇಕಾ? ಬೇಡವಾ? ಬಾಗಿಲು ಹಾಕಿ ಕೂತರೂ ಪೂರ್ತಿ ಬಾಡಿಗೆ ಸಿಗುತ್ತಾ? ಮುಂದಿನ ಕಥೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಸುತ್ತುತ್ತೆ.

* * *

ಇಲ್ಲಿಂದ ಇಂಗ್ಲೆಂಡಿಗೆ ಹೋಗಬೇಕು. ಯಾಕೆ ಅಂದರೆ ಈಗ ನಮ್ಮ ದೇಶದಲ್ಲಿ ನಡೆಯೋ ಬಾಡಿಗೆ ಕಾನೂನಿನ ಬೇರು ಕೌಟಿಲ್ಯನಲ್ಲಿಲ್ಲ, ಅಲ್ಲಿದೆ.

1647ರ 'ಪ್ಯಾರಡೈನ್ ವರ್ಸಸ್ ಜೇನ್' ಅನ್ನೋ ಕೇಸು. ಇಂಗ್ಲೆಂಡಿನಲ್ಲಿ ಅಂತರ್ಯುದ್ಧದ ಕಾಲ. ಜೇನ್ ಅನ್ನುವವನು ಪ್ಯಾರಡೈನನ ಜಮೀನನ್ನು ಗುತ್ತಿಗೆಗೆ ಹಿಡಿದಿದ್ದ. ರಾಜಕುಮಾರ ರೂಪರ್ಟ್‌ನ ಸೈನ್ಯ ಬಂದು ಇವನನ್ನು ಓಡಿಸಿ ಜಮೀನಿನಲ್ಲಿ ಠಿಕಾಣಿ ಹೂಡಿತು. ಮೂರು ವರ್ಷದ ಬಾಡಿಗೆ ಬಾಕಿ ಅಂತ ಪ್ಯಾರಡೈನ್ ಕೋರ್ಟಿಗೆ ಹೋದ. ಸ್ವಾಮಿ, ನಾನು ಬಿಟ್ಟು ಹೋಗಿದ್ದಲ್ಲ, ಸೈನ್ಯ ಓಡಿಸಿತು, ಒಂದು ಕಾಳೂ ಬೆಳೆದಿಲ್ಲ, ಎಲ್ಲಿಂದ ಕೊಡಲಿ ಅಂತ ಜೇನ್ ಹೇಳಿಕೊಂಡ. (ತಮಾಷೆ ಏನಂದರೆ ರೂಪರ್ಟ್ ರಾಜನ ಸ್ವಂತ ಸೋದರಳಿಯ, ರಾಜನ ಕಡೆಯಿಂದಲೇ ಹೋರಾಡಿದವನು. 1647ರ ಹೊತ್ತಿಗೆ ಪಾರ್ಲಿಮೆಂಟ್ ಕೈ ಮೇಲಾಗಿತ್ತು, ಹಾಗಾಗಿ ಕೋರ್ಟಿನ ಕಾಗದದಲ್ಲಿ ಅವನು ರಾಜನ ಶತ್ರುವಾಗಿಬಿಟ್ಟಿದ್ದ!)

ಕೋರ್ಟು ಜೇನ್‌ಗೆ ಹೇಳಿದ್ದು: ಕೊಡಲೇಬೇಕು. ನೀನೇ ಒಪ್ಪಿ ಕರಾರು ಮಾಡಿಕೊಂಡಿದ್ದೀಯ. ಸೈನ್ಯ ಬಂದರೆ ಬಾಡಿಗೆ ಇಲ್ಲ ಅಂತ ಮೊದಲೇ ಬರೆಸಿಕೊಳ್ಳಬಹುದಿತ್ತು, ಬರೆಸಲಿಲ್ಲ. ಬಂಪರ್ ಬೆಳೆ ಬಂದಿದ್ದರೆ ಲಾಭ ನಿನ್ನದೇ ಆಗುತ್ತಿತ್ತು, ಹಾಗಾಗಿ ನಷ್ಟವೂ ನಿನ್ನದೇ.

ಈ ಮಾತು ಇಷ್ಟು ಕಠಿಣವಾಗಿರೋದಕ್ಕೆ ಒಂದು ಕಾರಣ ಇದೆ, ಅದು ಅರ್ಥವಾದರೆ ಉಳಿದದ್ದೆಲ್ಲ ಅರ್ಥವಾಗುತ್ತೆ. ಹಳೆಯ ಇಂಗ್ಲಿಷ್ ಕಾನೂನಿನ ಕಣ್ಣಲ್ಲಿ ಗುತ್ತಿಗೆ ಅಂದರೆ ತಿಂಗಳು ತಿಂಗಳು ಕೊಡೋ ಸೇವೆಯಲ್ಲ. ಅದು ಜಮೀನಿನ ಒಂದು ತುಂಡನ್ನೇ ಮಾರಿದ ಹಾಗೆ. ಉದ್ದ ಅಗಲದಲ್ಲಿ ತುಂಡು ಮಾಡುವ ಬದಲು ಕಾಲದಲ್ಲಿ ತುಂಡು ಮಾಡ್ತಾರೆ ಅಷ್ಟೆ. ಐದು ವರ್ಷದ ಗುತ್ತಿಗೆ ಅಂದರೆ ಆ ಐದು ವರ್ಷ ಜಮೀನು ನಿನ್ನದು. ನಿನ್ನ ಜಮೀನನ್ನು ನೀನೇ ಬಿಟ್ಟು ಹೋದರೆ ಮಾರಿದವನು ಯಾಕೆ ತಲೆ ಕೆಡಿಸಿಕೊಳ್ಳಬೇಕು? ಕೊಂಡ ಬೈಕನ್ನು ಓಡಿಸದೆ ನಿಲ್ಲಿಸಿದೆ ಅಂತ ಶೋರೂಮಿನವರು ದುಡ್ಡು ವಾಪಸ್ ಕೊಡ್ತಾರಾ? ಇನ್ನೊಬ್ಬ ಗಿರಾಕಿಯನ್ನು ಹುಡುಕಿ ಕೊಡ್ತಾರಾ?

ಹೊಲ ಗದ್ದೆಗೆ ಈ ತರ್ಕ ತಕ್ಕಮಟ್ಟಿಗೆ ಸರಿ. ಬಿತ್ತನೆ ಟೈಮಿನಲ್ಲಿ ಗುತ್ತಿಗೆದಾರ ಓಡಿ ಹೋದರೆ ಆ ವರ್ಷ ಹೋದಂತೆಯೇ, ಇನ್ನೊಬ್ಬನನ್ನು ತಂದರೂ ಮಳೆ ವಾಪಸ್ ಬರಲ್ಲ. ತೊಂದರೆ ಆಗಿದ್ದು ಹೊಲಕ್ಕೆ ಮಾಡಿದ ಕಾನೂನನ್ನು ಊರೊಳಗಿನ ಬಾಡಿಗೆ ಮನೆಗೂ ಹಾಗೇ ತೊಡಿಸಿದಾಗ. ಎರಡು ರೂಮಿನ ಮನೆಗೆ ಬಿತ್ತನೆ ಕಾಲ ಅಂತ ಇಲ್ಲ. ಇವತ್ತು ಒಬ್ಬ ಬಿಟ್ಟರೆ ಮುಂದಿನ ತಿಂಗಳು ಇನ್ನೊಬ್ಬ ಬರಬಹುದು.

* * *

ನಮ್ಮಲ್ಲಿ ಬ್ರಿಟಿಷರು 1882ರಲ್ಲಿ ಸ್ವತ್ತು ವರ್ಗಾವಣೆ ಕಾಯ್ದೆ ತಂದರು. ಭಾರತದಲ್ಲಿ ಬಾಡಿಗೆ, ಗುತ್ತಿಗೆಗೆ ಇವತ್ತಿಗೂ ಅದೇ ಬುನಾದಿ. ಅದರ 108ನೇ ಕಲಮು ಓದುವಾಗ ನನಗೆ ಜೇನ್ ನೆನಪಾದ. ಬೆಂಕಿ, ಬಿರುಗಾಳಿ, ಪ್ರವಾಹ, ಸೈನ್ಯದ ಅಥವಾ ದೊಂಬಿಯ ಹಿಂಸೆ, ಇಂಥ ತಡೆಯಲಾಗದ ಕಾರಣದಿಂದ ಸ್ವತ್ತಿನ ಮುಖ್ಯ ಭಾಗ ಪೂರ್ತಿ ನಾಶವಾದರೆ ಅಥವಾ ಶಾಶ್ವತವಾಗಿ ಉಪಯೋಗಕ್ಕೆ ಬಾರದಂತಾದರೆ, ಬಾಡಿಗೆದಾರ ಬೇಕಿದ್ದರೆ ಗುತ್ತಿಗೆಯನ್ನೇ ರದ್ದು ಅನ್ನಬಹುದು. ಕರಾರಿನಲ್ಲಿ ಬೇರೆ ರೀತಿ ಬರೆದಿರಬಾರದು ಅಷ್ಟೆ. ಜೇನ್‌ಗೆ ಸಿಗದ ಬಾಗಿಲನ್ನು ಇಲ್ಲಿ ಸ್ವಲ್ಪ ತೆರೆದರು.

ಆದರೆ ಎಷ್ಟು ಸ್ವಲ್ಪ ಅನ್ನೋದು ಗೊತ್ತಾಗಿದ್ದು ದೇಶವಿಭಜನೆಯ ನಂತರ. ಒಬ್ಬರು 1947-48ರ ಕೃಷಿ ವರ್ಷಕ್ಕೆ ಪಂಜಾಬಿನಲ್ಲಿ ಜಮೀನು ಗುತ್ತಿಗೆ ಹಿಡಿದು ಹಣ ಕಟ್ಟಿದ್ದರು. ಆಗಸ್ಟ್ ಬಂತು, ಆ ಜಮೀನು ಪಾಕಿಸ್ತಾನಕ್ಕೆ ಹೋಯಿತು, ಇವರು ಎಲ್ಲ ಬಿಟ್ಟು ಈ ಕಡೆ ಬಂದರು. ಬೆಳೆಯೋಕೆ ಆಗಲಿಲ್ಲ, ಹಣ ವಾಪಸ್ ಕೊಡಿ ಅಂತ ಕೇಳಿದರು. ಕೇಸು ಸುಪ್ರೀಂ ಕೋರ್ಟಿನ ತನಕ ಹೋಗಿ 1968ರಲ್ಲಿ ತೀರ್ಪು ಬಂತು (ರಾಜಾ ಧ್ರುವ ದೇವ ಚಂದ್ ಕೇಸು). ಹಣ ಸಿಗಲಿಲ್ಲ. ಗುತ್ತಿಗೆ ಅನ್ನೋದು ಬರೀ ಮುಂದೆ ನಡೆಸಬೇಕಾದ ಕರಾರಲ್ಲ, ಸ್ವತ್ತಿನ ಹಕ್ಕು ಆಗಲೇ ವರ್ಗವಾಗಿ ಹೋಗಿದೆ, ಹಾಗಾಗಿ ಕರಾರು ಅಸಾಧ್ಯವಾಯಿತು ಅನ್ನೋ ವಾದ ಇಲ್ಲಿ ನಡೆಯಲ್ಲ ಅಂದಿತು ಕೋರ್ಟು. ಒಂದು ದೇಶ ಎರಡಾದರೂ ಗುತ್ತಿಗೆ ಗುತ್ತಿಗೆಯೇ! ಓದುವಾಗ ಹೊಟ್ಟೆಯಲ್ಲಿ ಸಂಕಟ ಆಯಿತು, ಸುಳ್ಳು ಹೇಳಲ್ಲ.

ಲಾಕ್‌ಡೌನ್ ಕಾಲದಲ್ಲೂ ಇದೇ ತೀರ್ಪು ಹೊರಬಂತು. ದೆಹಲಿಯ ಖಾನ್ ಮಾರ್ಕೆಟ್ಟಿನ ಒಂದು ಅಂಗಡಿಯ ಬಾಡಿಗೆದಾರರು, ಅಂಗಡಿ ಮುಚ್ಚಿಸಿದ್ದಾರೆ, ಅಷ್ಟು ದಿನದ ಬಾಡಿಗೆ ಬಿಡಿ ಅಂತ ಕೇಳಿದರು. 2020ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಒಪ್ಪಲಿಲ್ಲ. ಅಂಗಡಿ ನಾಶವಾಗಿಲ್ಲ, ಸ್ವಲ್ಪ ಕಾಲ ಬಳಸೋಕೆ ಆಗಿಲ್ಲ ಅಷ್ಟೆ ಅಂತ ಹೇಳಿ, ಕಟ್ಟೋದಕ್ಕೆ ಒಂದಿಷ್ಟು ಸಮಯ ಮಾತ್ರ ಕೊಟ್ಟಿತು. 1647, 1968, 2020. ಸೈನ್ಯ, ವಿಭಜನೆ, ರೋಗ. ಮೂರಕ್ಕೂ ಉತ್ತರ ಹೆಚ್ಚುಕಮ್ಮಿ ಒಂದೇ.

* * *

ಹಾಗಾದರೆ ಬಾಡಿಗೆದಾರನ ಪಾಲಿಗೆ ಎಲ್ಲೂ ಬೆಳಕೇ ಇಲ್ಲವಾ? ಇದೆ. ಈ ಹಳೆಯ ತರ್ಕವನ್ನು ಹೆಸರು ಹಿಡಿದು ತಿರಸ್ಕರಿಸಿದ ಒಂದು ಕೇಸು ಅಮೆರಿಕಾದ ನ್ಯೂಜೆರ್ಸಿಯಲ್ಲಿ ನಡೆಯಿತು. 1977ರ 'ಸೊಮ್ಮರ್ ವರ್ಸಸ್ ಕ್ರೈಡೆಲ್'.

ಕಥೆ ನಮ್ಮ ಬೆಂಗಳೂರಿನದೇ ಅನ್ನಬೇಕು, ಹಾಗಿದೆ. ಮದುವೆ ನಿಶ್ಚಯವಾಗಿದ್ದ ಒಬ್ಬ ಹುಡುಗ 1972ರ ಮಾರ್ಚಿನಲ್ಲಿ ಒಂದು ಅಪಾರ್ಟ್‌ಮೆಂಟಿಗೆ ಎರಡು ವರ್ಷದ ಕರಾರು ಮಾಡಿಕೊಂಡ. ತಿಂಗಳಿಗೆ 345 ಡಾಲರ್. ಮೊದಲ ತಿಂಗಳ ಬಾಡಿಗೆ ಮತ್ತು ಡಿಪಾಜಿಟ್ ಸೇರಿ 690 ಡಾಲರ್ ಕಟ್ಟಿದ. ಅಷ್ಟರಲ್ಲಿ ಮದುವೆ ಮುರಿದು ಬಿತ್ತು. ಅವನಿನ್ನೂ ವಿದ್ಯಾರ್ಥಿ, ಎರಡೂ ಮನೆಯವರ ಸಹಾಯ ನಂಬಿಕೊಂಡಿದ್ದ. ಮೇ ತಿಂಗಳಲ್ಲಿ ಮಾಲೀಕನಿಗೆ ಕಾಗದ ಬರೆದ: ನನ್ನ ಪರಿಸ್ಥಿತಿ ಹೀಗಾಗಿದೆ, ಕಟ್ಟಿದ ಹಣ ನೀವೇ ಇಟ್ಟುಕೊಳ್ಳಿ, ಕರಾರಿನಿಂದ ಬಿಡಿಸಿ. ಅವನು ಆ ಮನೆಗೆ ಕಾಲೇ ಇಟ್ಟಿರಲಿಲ್ಲ.

ಮಾಲೀಕ ಉತ್ತರ ಬರೆಯಲಿಲ್ಲ. ಸ್ವಲ್ಪ ದಿನಕ್ಕೆ ಇನ್ನೊಬ್ಬರು ಬಂದು ಅದೇ ಮನೆ ಬೇಕು, ಬಾಡಿಗೆ ಕೊಡೋಕೆ ತಯಾರಿದ್ದೀವಿ ಅಂದರೆ, ಅದು ಆಗಲೇ ಕೊಟ್ಟಾಗಿದೆ ಅಂತ ವಾಪಸ್ ಕಳಿಸಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಮನೆ ಖಾಲಿ ಬಿದ್ದಿತ್ತು. 1973ರ ಆಗಸ್ಟ್ ತನಕ ಅದನ್ನು ಯಾರಿಗೂ ತೋರಿಸಲೂ ಇಲ್ಲ. ಸೆಪ್ಟೆಂಬರಿನಿಂದ ಬೇರೆಯವರಿಗೆ ಕೊಟ್ಟರು, ಅದೇ 345 ಡಾಲರಿಗೆ. ಆಮೇಲೆ ಹುಡುಗನಿಂದ ಕೇಳಿದ್ದು 5,865 ಡಾಲರ್, ಅಂದರೆ 17 ತಿಂಗಳ ಬಾಡಿಗೆ!

ಹಳೆಯ ಕಾನೂನಿನ ಪ್ರಕಾರ ಮಾಲೀಕನ ಲೆಕ್ಕ ಪಕ್ಕಾ. ಕೆಳಗಿನ ಒಂದು ಹಂತದಲ್ಲಿ ಅವನೇ ಗೆದ್ದಿದ್ದ ಕೂಡ. ಆದರೆ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ ಹಾಕಿತು. ಈ ಕಾಲದ ಬಾಡಿಗೆ ಮನೆ ಜಮೀನಿನ ತುಂಡಲ್ಲ, ಅದು ಒಂದು ಕರಾರು. ಬೇರೆ ಎಲ್ಲ ಕರಾರುಗಳಲ್ಲಿ ನಷ್ಟ ಆದವನು ನಷ್ಟವನ್ನು ಕಮ್ಮಿ ಮಾಡಿಕೊಳ್ಳೋಕೆ ಕೈಲಾದ ಪ್ರಯತ್ನ ಮಾಡಬೇಕು ಅನ್ನೋ ನಿಯಮ ಇದ್ದ ಮೇಲೆ ಇಲ್ಲಿ ಮಾತ್ರ ಯಾಕೆ ಬೇಡ? ಖಾಲಿಯಾದ ಮನೆಯನ್ನು ಮಾಲೀಕ ತನ್ನ ಬಳಿ ಇರುವ ಇತರ ಖಾಲಿ ಮನೆಗಳ ಜೊತೆಗೇ ಸೇರಿಸಿ ಜನರಿಗೆ ತೋರಿಸಬೇಕು, ಜಾಹೀರಾತು ಕೊಡಬೇಕು. ಪ್ರಯತ್ನ ಮಾಡಿದೆ ಅಂತ ಸಾಬೀತು ಮಾಡುವ ಹೊಣೆಯೂ ಮಾಲೀಕನದೇ. ಹೊರಡುವವನು ತಾನೇ ಒಳ್ಳೆಯ ಬಾಡಿಗೆದಾರನನ್ನು ತಂದು ನಿಲ್ಲಿಸಿದ, ಮಾಲೀಕ ಬೇಡ ಅಂದ ಅನ್ನೋದಾದರೆ ಅದೂ ಲೆಕ್ಕಕ್ಕೆ ಬರುತ್ತೆ.

ಎಲ್ಲರೂ ಒಪ್ಪಿದರು ಅಂತಲ್ಲ. ಪಕ್ಕದ ನ್ಯೂಯಾರ್ಕಿನ ಮೇಲಿನ ಕೋರ್ಟು 1995ರಲ್ಲೂ ಒಂದು ವ್ಯಾಪಾರಿ ಕಟ್ಟಡದ ಕೇಸಿನಲ್ಲಿ ಹಳೆಯ ನಿಯಮವನ್ನೇ ಎತ್ತಿ ಹಿಡಿಯಿತು. ನಿಯಮ ಎಷ್ಟೇ ಹಳೆಯದಾಗಿರಲಿ, ಜನ ಅದನ್ನು ನಂಬಿ ವ್ಯವಹಾರ ಮಾಡಿದ್ದಾರೆ ಅನ್ನೋದು ಅವರ ವಾದ. ವಾಸದ ಮನೆಗಳ ಮಟ್ಟಿಗೆ ಅಲ್ಲಿ ನಿಯಮ ಬದಲಾಗಿದ್ದು 2019ರ ಕಾಯ್ದೆಯಿಂದ. ಹಡ್ಸನ್ ನದಿಯ ಆ ದಡದಿಂದ ಈ ದಡಕ್ಕೆ ಬರೋಕೆ 42 ವರ್ಷ ಹಿಡಿಯಿತು!

* * *

ಇನ್ನು ನಮ್ಮೂರಿಗೆ ಬರೋಣ.

ನಮ್ಮ ಬಾಡಿಗೆ ಕಾನೂನುಗಳಲ್ಲಿ ಬಿಟ್ಟು ಹೋದವನ ಕಥೆಗೆ ಜಾಗ ಸಿಗದಿರೋದಕ್ಕೆ ಒಂದು ಕಾರಣ ಇದೆ. ಮೈಸೂರು ಸಂಸ್ಥಾನದ ಬಾಡಿಗೆ ನಿಯಂತ್ರಣ, 1961ರ ಕಾಯ್ದೆ, ಇವೆಲ್ಲ ಮನೆಗಳಿಗೆ ಬರ ಇದ್ದ ಕಾಲದವು. ಆಗಿನ ಚಿಂತೆ ಬಾಡಿಗೆದಾರನನ್ನು ಬೀದಿಗೆ ಹಾಕಬಾರದು ಅನ್ನೋದು. ಬಾಡಿಗೆ ಏರಿಸೋ ಹಾಗಿಲ್ಲ, ಬಿಡಿಸೋಕೆ ಕೋರ್ಟು ಅಲೆಯಬೇಕು ಅನ್ನೋ ಪರಿಸ್ಥಿತಿಯಲ್ಲಿ ಹಳೇ ಬಾಡಿಗೆದಾರ ತಾನಾಗೇ ಹೋಗ್ತೀನಿ ಅಂದರೆ ಓನರ್ ಮನೆಯಲ್ಲಿ ಹೋಳಿಗೆ ಮಾಡಬೇಕು, ಜಗಳ ಎಲ್ಲಿಂದ ಬರುತ್ತೆ!

ಹನ್ನೊಂದು ತಿಂಗಳ ಅಗ್ರಿಮೆಂಟ್ ಬಂದಿದ್ದು ಇನ್ನೊಂದು ದಾರಿಯಿಂದ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಕಡ್ಡಾಯವಾಗಿ ರಿಜಿಸ್ಟರ್ ಮಾಡಿಸಬೇಕು. ಅದರ ಖರ್ಚು, ಓಡಾಟ ಬೇಡ ಅಂತ ಒಂದು ತಿಂಗಳು ಕಮ್ಮಿ ಮಾಡಿಕೊಂಡರು. ಕಾನೂನು ಕೊಡದ ಭದ್ರತೆಗೆ ಅಡ್ವಾನ್ಸ್ ಬಂತು. ಐಟಿ ಬೆಳೆದ ವರ್ಷಗಳಲ್ಲಿ ಬೆಂಗಳೂರಿನ 'ಹತ್ತು ತಿಂಗಳ ಅಡ್ವಾನ್ಸ್' ಬೇರೆ ಊರಿನವರನ್ನು ಬೆಚ್ಚಿ ಬೀಳಿಸುತ್ತಿತ್ತು. (ನಮ್ಮಲ್ಲಿ 'ಲೀಸಿಗೆ ಇದೆ' ಅಂದರೆ ಭೋಗ್ಯ, ದೊಡ್ಡ ಮೊತ್ತ ಇಟ್ಟು ಬಾಡಿಗೆಯಿಲ್ಲದೆ ಇರೋದು. ಅದರ ಕಥೆ ಬೇರೆ, ಇನ್ನೊಮ್ಮೆ ಬರೀತೀನಿ.)

ಈ ಅಡ್ವಾನ್ಸ್ ಒಂದು ವಿಚಿತ್ರ ಕೆಲಸ ಮಾಡಿತು. ಪ್ಯಾರಡೈನ್ ತನ್ನ ಹಣಕ್ಕಾಗಿ ಕೋರ್ಟಿಗೆ ಹೋಗಬೇಕಾಗಿತ್ತು, ಸೊಮ್ಮರ್ ಕೂಡ ಹೋಗಬೇಕಾಗಿತ್ತು. ನಮ್ಮ ಓನರ್ ಹೋಗಬೇಕಿಲ್ಲ. ಹಣ ಆಗಲೇ ಅವರ ಕೈಯಲ್ಲಿದೆ. ನಷ್ಟ ಎಷ್ಟು, ಪೇಂಟಿಂಗಿಗೆ ಎಷ್ಟು ಅಂತ ತೀರ್ಮಾನ ಮಾಡುವವರು ಅವರೇ. ಕೋರ್ಟಿಗೆ ಹೋಗಬೇಕಾದವನು ಊರು ಬಿಟ್ಟು ಹೊರಟ ಬಾಡಿಗೆದಾರ. ಅವನು ಹೋಗಲ್ಲ ಅಂತ ಇಬ್ಬರಿಗೂ ಗೊತ್ತು. 2020ರಲ್ಲಿ ಆಫೀಸುಗಳು ಮುಚ್ಚಿ ಮನೆಯಿಂದಲೇ ಕೆಲಸ ಶುರುವಾದಾಗ ನನ್ನ ಗೆಳೆಯರಲ್ಲೇ ಹಲವರು ಸಾಮಾನು ಕಟ್ಟಿಕೊಂಡು ಊರಿಗೆ ಹೋದರು. ಒಬ್ಬನಿಗೆ ಓನರ್ ಅಜ್ಜಿ ಪೂರ್ತಿ ಅಡ್ವಾನ್ಸ್ ವಾಪಸ್ ಕೊಟ್ಟು, ಹುಷಾರಪ್ಪ ಅಂತ ಚಕ್ಕುಲಿ ಕಟ್ಟಿ ಕೊಟ್ಟರು. ಇನ್ನೊಬ್ಬನಿಗೆ ಅಡ್ವಾನ್ಸಿನಲ್ಲಿ ಆರು ತಿಂಗಳ ಬಾಡಿಗೆ ಮುರಿದುಕೊಂಡರು, ಆದರೆ ಎರಡನೇ ತಿಂಗಳಿಗೇ ಆ ಮನೆಗೆ ಹೊಸಬರು ಬಂದಿದ್ದರು. ಒಂದೇ ಮನೆಗೆ ನಾಲ್ಕು ತಿಂಗಳು ಎರಡೆರಡು ಬಾಡಿಗೆ!

ಕಾನೂನು ಇದನ್ನು ಒಪ್ಪುತ್ತಾ? ಒಪ್ಪಲ್ಲ ಅನ್ನೋದಕ್ಕೆ ನಮ್ಮಲ್ಲೇ ಆಧಾರ ಇದೆ. 1872ರ ಕರಾರು ಕಾಯ್ದೆಯ 73ನೇ ಕಲಮಿನ ವಿವರಣೆ, ನಷ್ಟದ ಲೆಕ್ಕ ಹಾಕುವಾಗ ಅದನ್ನು ಸರಿಪಡಿಸಿಕೊಳ್ಳೋಕೆ ಯಾವ ದಾರಿಗಳಿದ್ದವು ಅಂತಲೂ ನೋಡಬೇಕು ಅನ್ನುತ್ತೆ. 74ನೇ ಕಲಮಿನ ಪ್ರಕಾರ, ಅಗ್ರಿಮೆಂಟಿನಲ್ಲಿ ಎಷ್ಟೇ ದಂಡ ಬರೆದಿರಲಿ, ಅದು ಗರಿಷ್ಠ ಮಿತಿ ಮಾತ್ರ. ಸಿಗೋದು ನ್ಯಾಯವಾದ ಪರಿಹಾರ. 1963ರಲ್ಲಿ ಫತೇಚಂದ್ ಕೇಸಿನಲ್ಲಿ (ಅದು ಮನೆ ಮಾರಾಟದ ಕೇಸು) ಸುಪ್ರೀಂ ಕೋರ್ಟು ಇದನ್ನು ಮುಂಗಡಕ್ಕೂ ಅನ್ವಯಿಸಿತು. ಮಾರುವವನ ಕೈಗೆ ಬಂದಿದ್ದ 25,000 ರೂಪಾಯಿಯಲ್ಲಿ ಸಂಚಕಾರದ 1,000 ಮಾತ್ರ ಅವನು ಮುಟ್ಟುಗೋಲು ಹಾಕಿಕೊಳ್ಳಬಹುದು ಅಂದಿತು. 2012ರಲ್ಲಿ ದೆಹಲಿ ಹೈಕೋರ್ಟ್ ಲಾಕ್-ಇನ್ ಅವಧಿಯ ಬಗ್ಗೆ ಇದೇ ಧಾಟಿಯಲ್ಲಿ ಹೇಳಿತು: ಉಳಿದ ತಿಂಗಳುಗಳ ಬಾಡಿಗೆ ತನ್ನಿಂದ ತಾನೇ ಸಾಲವಾಗಲ್ಲ, ಅದು ನಷ್ಟಪರಿಹಾರದ ಪ್ರಶ್ನೆ. ಕೇಂದ್ರ ಸಂಪುಟ 2021ರ ಜೂನಿನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ತೆಗೆದುಕೊಳ್ಳಬಾರದು ಅಂತಿದೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ತಾವಾಗಿ ಕಾನೂನು ಮಾಡಿದಾಗಲೇ ಬೆಲೆ.

* * *

ಇಷ್ಟೆಲ್ಲ ಓದಿದ ಮೇಲೆ ನನಗನಿಸಿದ್ದು ಹೇಳ್ತೀನಿ. ಬಿಟ್ಟು ಹೋಗುವವನು ಏನೂ ಕೊಡಬೇಕಿಲ್ಲ ಅನ್ನೋದು ತಪ್ಪು. ಮಾತು ಕೊಟ್ಟು ಮುರಿದಿದ್ದಾನೆ, ಎಷ್ಟೋ ಓನರುಗಳಿಗೆ, ಅದರಲ್ಲೂ ನಿವೃತ್ತರಿಗೆ, ಆ ಬಾಡಿಗೆಯೇ ಪಿಂಚಣಿ. ಕೌಟಿಲ್ಯ ಆ ಮಟ್ಟಿಗೆ ಸರಿ. ಆದರೆ ಕೊಡಬೇಕಾದ್ದು ಕ್ಯಾಲೆಂಡರಿನಲ್ಲಿ ಉಳಿದ ತಿಂಗಳುಗಳಿಗಲ್ಲ, ಮನೆ ನಿಜವಾಗಿ ಖಾಲಿ ಬಿದ್ದ ತಿಂಗಳುಗಳಿಗೆ. ಅದೂ ಓನರ್ ಟು-ಲೆಟ್ ಬೋರ್ಡು ಹಾಕಿ ಪ್ರಾಮಾಣಿಕವಾಗಿ ಹುಡುಕಿದ್ದರೆ.

ಇದಕ್ಕೆ ಕೋರ್ಟಿನ ತನಕ ಹೋಗಬೇಕಿಲ್ಲ. 1647ರ ಜಡ್ಜುಗಳ ಒಂದು ಮಾತನ್ನಾದರೂ ನಾವು ಕೇಳಬೇಕು: ಮೊದಲೇ ಬರೆಸಿಕೊಳ್ಳಬಹುದಿತ್ತು. ಮುಂದಿನ ಸಲ ಅಗ್ರಿಮೆಂಟಿಗೆ ಸಹಿ ಹಾಕುವಾಗ ಮೂರು ಸಾಲು ಸೇರಿಸಲು ಕೇಳಿ. ಎಷ್ಟು ದಿನ ಮುಂಚೆ ನೋಟಿಸು ಕೊಡಬೇಕು. ಅವಧಿಗೆ ಮುಂಚೆ ಬಿಟ್ಟರೆ ಹೊಸಬರು ಬರುವ ತನಕ ಮಾತ್ರ ಬಾಡಿಗೆ, ಅದೂ ಹೆಚ್ಚೆಂದರೆ ಒಂದೋ ಎರಡೋ ತಿಂಗಳು. ಹೊರಡುವವರೇ ತಕ್ಕ ಬಾಡಿಗೆದಾರರನ್ನು ಕರೆತಂದರೆ ಅಷ್ಟೂ ಇಲ್ಲ. ಹೋದ ವರ್ಷ ನಮ್ಮ ಈಗಿನ ಓನರ್ ಹತ್ತಿರ ನಾನು ಕೇಳಿದಾಗ ಅಂಕಲ್ ಕನ್ನಡಕ ಏರಿಸಿ ಎರಡು ಸಲ ಓದಿದರು. ಆಮೇಲೆ ನಾಲ್ಕನೇ ಸಾಲು ತಾವೇ ಸೇರಿಸಿದರು: ನಾನು ಅವಧಿಗೆ ಮುಂಚೆ ಮನೆ ಬಿಡಿಸಿದರೆ ನಿಮ್ಮ ಪ್ಯಾಕರ್ಸ್ ಖರ್ಚು ನನ್ನದು. ಸಹಿ ಹಾಕಿದ್ವಿ.

ನಿಮ್ಮ ಅಗ್ರಿಮೆಂಟಿನಲ್ಲಿ ಏನು ಬರೆದಿದೆ? ಇವತ್ತೇ ಬೀರುವಿನಿಂದ ತೆಗೆದು ಒಮ್ಮೆ ಓದಿ ನೋಡಿ.